ಗೋಡೆಗೆ ತಟ್ಟಿದ ಸೌತೆಬೀಜ

ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಬಂದು ಹತ್ತು ದಿನ ಆಯ್ತು. ಮಳೆ ನಿಂತಿಲ್ಲ, ಬಟ್ಟೆ ಒಣಗಿಲ್ಲ. ಜಗಲಿಯಲ್ಲಿ ಕೂತು ಅಮ್ಮನ ಡೇಲಿಯ ನೋಡೋದೇ ಕೆಲಸ. ನೀರು ಕುಡಿದು ಭಾರವಾಗಿ ಹೂವೆಲ್ಲ ಕತ್ತು ಬಗ್ಗಿಸಿವೆ.

"ನಿಮ್ಮ ಇಂಗ್ಲೆಂಡಲ್ಲೂ ಇದು ಆಗುತ್ತಾ?" ಅಂತ ಪಕ್ಕದ ಮನೆ ಅತ್ತೆ ಕೇಳಿದರು. ಆಗುತ್ತೆ ಅತ್ತೆ, ಆದರೆ ಉಪಚಾರ ಜಾಸ್ತಿ. ಮೆಕ್ಸಿಕೋದಿಂದ ಬಂದ ಗಿಡ ಇದು, ಹಿಮ ಬೀಳುವ ಚಳಿಯನ್ನು ತಡೆಯಲ್ಲ. ಇಲ್ಲಿ ಗೆಡ್ಡೆ ಮಣ್ಣಲ್ಲೇ ಮಲಗಿರುತ್ತೆ, ಕಾಫಿ ಹೂ ಅರಳಿಸೋ ಬೇಸಿಗೆಯ ಹೂಮಳೆ ಬಿದ್ದ ಮೇಲೆ ತಾನಾಗಿ ಚಿಗುರುತ್ತೆ. ಕಾವೆಂಟ್ರಿ ಹತ್ತಿರದ ನಮ್ಮ ಹಿತ್ತಿಲಲ್ಲಿ ಹಾಗಿಲ್ಲ. ಒಂದು ರಾತ್ರಿ ಹಿಮ ಬಿದ್ದರೆ ಬೆಳಿಗ್ಗೆ ಗಿಡವೆಲ್ಲ ಸುಟ್ಟ ಹಾಗೆ ಕಪ್ಪಾಗಿರುತ್ತೆ. ಆಗ ಕಾಂಡ ಕಡಿದು, ಗೆಡ್ಡೆ ಅಗೆದು, ಟೊಳ್ಳು ಕಾಂಡದ ನೀರು ಇಳಿಯಲಿ ಅಂತ ತಲೆಕೆಳಗಾಗಿಟ್ಟು, ಒಣಗಿದ ಮೇಲೆ ಪೇಪರಲ್ಲಿ ಸುತ್ತಿ ಇಡಬೇಕು. ಮೊದಲ ವರ್ಷ ನಾನು ಒದ್ದೆಯಾಗೇ ಡಬ್ಬಕ್ಕೆ ತುಂಬಿದ್ದೆ. ಮಾರ್ಚಲ್ಲಿ ತೆಗೆದರೆ ಕೊಳೆತ ಆಲೂಗಡ್ಡೆ ವಾಸನೆ. ಒಂದೂ ಉಳಿಯಲಿಲ್ಲ.

ಹಿತ್ತಿಲು ಅಂದೆ, ನಮ್ಮ ಕಾಫಿ ಕಣದ ಅರ್ಧವೂ ಇಲ್ಲ. ಅದರಲ್ಲೇ ಹೂಜಿಗೆ ಇಡೋ ಹೂವು, ಅದರಲ್ಲೇ ತರಕಾರಿ. ಡೇಲಿಯ ಮೊಗ್ಗನ್ನು ಗುಲಾಬಿ ಥರ ಕೊಯ್ದು ತಂದು ಅರಳುತ್ತೆ ಅಂತ ನಾಲ್ಕು ದಿನ ಕಾದೆ. ಅರಳಲಿಲ್ಲ. ಪೂರ್ತಿ ಅರಳಿದ್ದನ್ನೇ ಬೆಳಗಿನ ತಂಪಲ್ಲಿ ಕೊಯ್ದು, ತಕ್ಷಣ ಬಕೆಟ್ ನೀರಿಗೆ ಇಳಿಸಬೇಕಂತೆ. ನೀರಿಗೆ ತಾಗುವ ಎಲೆ ಕಿತ್ತು ಹಾಕಬೇಕು, ಇಲ್ಲದಿದ್ದರೆ ನೀರು ನಾರುತ್ತೆ. ಅಲ್ಲಿ ಪಕ್ಕದ ಮನೆಯ ಅಜ್ಜ ಕಲಿಸಿದ್ದು. ಗಿಡ ಮೊಣಕಾಲುದ್ದ ಬರೋ ಮೊದಲೇ ತುದಿ ಚಿವುಟಬೇಕು, ಆಗ ಕವಲು ಜಾಸ್ತಿ, ಹೂವೂ ಜಾಸ್ತಿ. ಇದನ್ನು ಹೇಳಿದಾಗ ಅಮ್ಮ, "ಕಾಫಿ ಗಿಡದ ತಲೆ ಕಡಿಯಲ್ವಾ, ಹಾಗೇ" ಅಂದರು. ಆದರೆ ಕೊಯ್ದಷ್ಟೂ ಹೂ ಬರುತ್ತೆ ಅನ್ನೋದನ್ನು ಮಾತ್ರ ಅವರು ನಂಬಲಿಲ್ಲ. ಅವರ ಲೆಕ್ಕದಲ್ಲಿ ಡೇಲಿಯ ಗಿಡದಲ್ಲೇ ಇರಬೇಕು.

ತರಕಾರಿಯಲ್ಲಿ ನನಗೆ ನಾಟಿ ತಳಿಯ ಹುಚ್ಚು. ಅಲ್ಲಿ ಅದಕ್ಕೆ ಏರ್‌ಲೂಮ್ ಅಂತಾರೆ, ಪ್ಯಾಕೆಟ್ ಮೇಲೆ ಕಥೆ ಬರೆದಿರುತ್ತೆ. ಬ್ರಾಂಡಿವೈನ್ ಅನ್ನೋ ಟೊಮೆಟೊ ಹಾಕಿದೆ. ಎಲೆ ಆಲೂಗಡ್ಡೆ ಗಿಡದ ಥರ. ಹಣ್ಣು ಅಂಗೈ ತುಂಬ, ರುಚಿ ಬಹಳ, ಆದರೆ ಹಣ್ಣಾಗೋದು ತಡ. ಅರ್ಧ ಕಾಯಿಯಾಗೇ ಉಳಿದು ಗೊಜ್ಜಿಗೆ ಹೋಯ್ತು. ಬೀಜಕ್ಕೆ ಅಂತ ಒಂದು ಹಣ್ಣು ಬಿಟ್ಟಿದ್ದೆ. ಅದರ ತಿರುಳನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿ ಬರಿಸಿದರೆ ಬೀಜದ ಮೇಲಿನ ಲೋಳೆ ಬಿಡುತ್ತೆ. ತೊಳೆದು ಒಣಗಿಸಿದರೆ ಮುಂದಿನ ವರ್ಷಕ್ಕಾಯ್ತು. ಹೈಬ್ರಿಡ್ ಬೀಜದಲ್ಲಿ ಈ ಸುಖ ಇಲ್ಲ, ಮರಿಗಿಡ ತಾಯಿಯ ಹಾಗಿರಲ್ಲ.

ಇಷ್ಟೆಲ್ಲ ದೊಡ್ಡದಾಗಿ ಹೇಳ್ತಾ ಅಡಿಗೆಮನೆಗೆ ಹೋದರೆ, ಒಲೆ ಮೇಲಿನ ಗೋಡೆಯಲ್ಲಿ ಬೂದಿ ಕಲಸಿ ತಟ್ಟಿದ ಸೌತೆಬೀಜ! ಅಜ್ಜಿ ಕಾಲದಿಂದ ನಡೆದು ಬಂದ ತಳಿ. ಅದಕ್ಕೊಂದು ಹೆಸರೂ ಇಲ್ಲ, ಸುಮ್ನೆ "ನಮ್ಮ ಸೌತೆ". ನಾನು ಮೂರು ಪೌಂಡ್ ಕೊಟ್ಟು ತರೋದು ಇಂಥದ್ದನ್ನೇ.

ಅಮ್ಮ ಉಗುರಿಂದ ಒಂದು ಹಿಡಿ ಕೆರೆದು ಚೀಟಿ ಕಟ್ಟಿದರು. ಬೇಡ ಅಂದೆ. ಬಿತ್ತನೆ ಬೀಜ ಬ್ರಿಟನ್ನಿಗೆ ಒಯ್ಯಬೇಕಾದರೆ ರೋಗ ಇಲ್ಲ ಅಂತ ಇಲ್ಲಿಂದಲೇ ಸರ್ಕಾರಿ ಪ್ರಮಾಣಪತ್ರ ಬೇಕು.

"ಸೌತೆಬೀಜಕ್ಕೆ ಎಂಥ ಡಾಕ್ಟರ್ ಚೀಟಿ ಮಗ?" ಅಂದರು. ಆದರೂ ಪೊಟ್ಟಣವನ್ನು ಒಲೆ ಪಕ್ಕದ ಡಬ್ಬಕ್ಕೆ ಹಾಕಿದರು.

ನಿನ್ನೆ ಸಂಜೆ ಅಲ್ಲಿನ ಅಜ್ಜ ಫೋಟೋ ಕಳಿಸಿದ್ದರು. ನೀರು ಹಾಕಿ, ಹೂ ಕೊಯ್ಕೊಳ್ಳಿ ಅಂತ ಹೇಳಿ ಬಂದಿದ್ದೆ. ಮೇಜಿನ ಮೇಲೆ ಬಕೆಟ್ ತುಂಬ ನನ್ನ ಡೇಲಿಯ. ಅಮ್ಮ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದು ನೋಡಿದರು.

"ಅಯ್ಯೋ, ಒಂದೂ ಬಿಡದೆ ಕೊಯ್ದು ಹಾಕಿದ್ರಾ?"