ಕಡ್ಡಿಗೆ ಹತ್ತಿದ ಐಸು

ಕೋ-ಪೈಲಟ್ ಆಗಿ ನನಗದು ನಾಲ್ಕನೇ ತಿಂಗಳು. ಆಗಸ್ಟ್, ಒಳ್ಳೆ ಮಳೆಗಾಲ. ಬೆಂಗಳೂರಿನಿಂದ ಬೆಳಗಾವಿಗೆ ಎಟಿಆರ್ 72 ವಿಮಾನ. 18 ಸಾವಿರ ಅಡಿಯಲ್ಲಿ ಮೋಡದೊಳಗೆ ಹೊಕ್ಕಾಗ ಹೊರಗಿನ ಉಷ್ಣಾಂಶ ಮೈನಸ್ 4. ಪ್ರೊಪೆಲರ್ ಹೀಟರ್ ಮೊದಲೇ ಆನ್ ಮಾಡಿದ್ದೆವು. ಅದಕ್ಕೆ ಐಸು ಕಾಣುವ ತನಕ ಕಾಯುವ ಹಾಗಿಲ್ಲ.

ಕೆಳಗೆ ಜನ ಕೊಡೆ ಹಿಡಿದು ಓಡಾಡುತ್ತಿರುತ್ತಾರೆ, ಮೇಲೆ ಫ್ರೀಜರ್. ಸೊನ್ನೆಗಿಂತ ಕೆಳಗಿಳಿದರೂ ಮೋಡದ ಹನಿಗಳು ಎಷ್ಟೋ ಸಲ ನೀರಾಗಿಯೇ ಇರುತ್ತವೆ. ವಿಮಾನಕ್ಕೆ ತಾಗಿದವೋ, ಅಲ್ಲೇ ಗಟ್ಟಿ.

ಮೊದಲು ಕಂಡದ್ದು ವೈಪರ್ ಮೇಲೆ. ಹಳೇ ಫ್ರಿಜ್ಜಿನೊಳಗೆ ಕಟ್ಟುತ್ತದಲ್ಲ, ಅಂಥದ್ದೇ ಬಿಳಿ. ಕ್ಯಾಪ್ಟನ್ ಬದಿಯ ಕಿಟಕಿಯಾಚೆ ಒಂದು ಪುಟ್ಟ ಕಡ್ಡಿ ಇದೆ, ಐಸು ನೋಡಲೆಂದೇ ಇಟ್ಟದ್ದು. ಅದೂ ಬೆಳ್ಳಗಾಗಿತ್ತು. ರೆಕ್ಕೆಯ ಮುಂದಿನ ಅಂಚಿನ ರಬ್ಬರ್ ಬೂಟ್‌ಗಳನ್ನು ಆನ್ ಮಾಡಿದೆವು. ಅವು ಗಾಳಿ ತುಂಬಿ ಉಬ್ಬುತ್ತವೆ, ಮೇಲಿನ ಐಸು ಬಿರಿದು ಉದುರುತ್ತದೆ. ನಾನು ಸುಮ್ನೆ ವೈಪರನ್ನೇ ನೋಡುತ್ತಾ ಕೂತಿದ್ದೆ.

"ಅದನ್ನೆಂತ ನೋಡ್ತೀಯ ಮಾರಾಯ, ಸ್ಪೀಡ್ ನೋಡು," ಅಂದರು ಮಂಗಳೂರಿನ ಕ್ಯಾಪ್ಟನ್.

12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ಇಳಿದಿತ್ತು! ಪವರ್ ಹಾಗೇ ಇತ್ತು. ಆಟೋಪೈಲಟ್ ಎತ್ತರ ಬಿಟ್ಟುಕೊಡದೆ, ಮೂಗನ್ನು ಚೂರು ಚೂರೇ ಎತ್ತಿ ಸಂಭಾಳಿಸುತ್ತಿತ್ತು. ಕೈಯಲ್ಲೇ ಹಾರಿಸುತ್ತಿದ್ದರೆ ತೋಳಿಗೆ ಆಗಲೇ ಗೊತ್ತಾಗುತ್ತಿತ್ತು. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾದ ರೋಸ್‌ಲಾನ್ ಬಳಿ ಇದೇ ಜಾತಿಯ ವಿಮಾನ, ಇಳಿಯುವ ಸರದಿಗಾಗಿ ಇಂಥ ಮೋಡದಲ್ಲೇ ಸುತ್ತು ಹಾಕುತ್ತಿತ್ತು. ಬೂಟ್‌ಗಳ ಹಿಂದೆ ಐಸು ಕಟ್ಟಿತು. ಆಟೋಪೈಲಟ್ ಒಮ್ಮೆಲೇ ಕೈಬಿಟ್ಟಿತು, ವಿಮಾನ ಮಗುಚಿತು. 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇದನ್ನೆಲ್ಲ ಓದಿದ್ದೆ. ಪರೀಕ್ಷೆಗೆ ಓದುವುದೇ ಬೇರೆ ಅಲ್ವಾ.

ಕ್ಯಾಪ್ಟನ್ ಪವರ್ ಏರಿಸಿದರು. ಪಕ್ಕದ ಕಿಟಕಿಯಲ್ಲಿ ಹೀಟರ್ ಇಲ್ಲದ ಭಾಗ ನೋಡು ಅಂದರು. ಅಲ್ಲೂ ಹರಡಿದ್ದರೆ ಐಸು ಕೈಮೀರುತ್ತಿದೆ ಅಂತ. ಗಾಜು ಸ್ವಚ್ಛವಾಗಿತ್ತು. ಆದರೂ ಕಾಯಲಿಲ್ಲ; 14 ಸಾವಿರ ಅಡಿಗೆ ಇಳಿಯಲು ಏರ್ ಟ್ರಾಫಿಕ್ ಕಂಟ್ರೋಲ್‌ನವರ ಅನುಮತಿ ಕೇಳಿದೆ. ದನಿ ಸ್ವಲ್ಪ ನಡುಗಿತು, ಇರಲಿ.

ಅಷ್ಟರಲ್ಲಿ ಢಬ್, ಢಬ್. ಪ್ರೊಪೆಲರಿನಿಂದ ಕಿತ್ತ ಐಸು ವಿಮಾನದ ಮೈಗೆ ಬಡಿಯುತ್ತಿತ್ತು. ಹಿಂದಿನಿಂದ ಇಂಟರ್‌ಕಾಮ್ ಬಂತು. ಯಾರೋ ಕಲ್ಲು ಹೊಡೀತಿದ್ದಾರೆ ಅಂತ ಅಜ್ಜಿಯೊಬ್ಬರು ಗಲಾಟೆ ಮಾಡುತ್ತಿದ್ದರಂತೆ. ಪಾಪ, ಕೇಳಿದರೆ ಹಾಗೇ ಅನ್ನಿಸುತ್ತದೆ.

15 ಸಾವಿರ ಅಡಿಗೆ ಇಳಿಯುವಷ್ಟರಲ್ಲಿ ಉಷ್ಣಾಂಶ ಸೊನ್ನೆ ದಾಟಿತ್ತು. ವೈಪರ್ ಬೇಗ ಖಾಲಿಯಾಯಿತು. ಕಡ್ಡಿಯ ಮೇಲಿನದು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅದು ಹೋಗುವ ತನಕ ವಿಮಾನದ ಮೇಲೆ ಐಸು ಇದೆ ಅಂತಲೇ ಲೆಕ್ಕ, ವೇಗವನ್ನೂ ಜಾಸ್ತಿಯೇ ಇಟ್ಟುಕೊಳ್ಳಬೇಕು. ಎರಡು ಸಲ "ಹೋಯ್ತಾ ಸಾರ್?" ಅಂತ ಕೇಳಿದೆ. ಮೂರನೇ ಸಲ ನಾನು ಕೇಳುವ ಮೊದಲೇ ಅವರು ಕತ್ತು ಹೊರಳಿಸಿ ನೋಡಿ, "ಹೋಯ್ತು" ಅಂದರು.