ಬ್ಯಾಟರಿಯ ತಂತಿ ಎತ್ತಿ ನೋಡಿದ ತಪ್ಪು

ನಾನು ಗದಗ ಸೀಮೆಯವನು. ಮಲಪ್ರಭೆಯ ಕಾಲುವೆಗಿಂತ ಆಳವಾದ ನೀರಿಗೆ ಇಳಿದವನಲ್ಲ. 1987ರಲ್ಲಿ ಲೋಂಡಾ ದಾಟಿ ಬರುವ ಮೀಟರ್‌ಗೇಜ್ ರೈಲು ಹತ್ತಿ ವಾಸ್ಕೋಕ್ಕೆ ಬಂದೆ. ಅಂದಿನಿಂದ ಲಾರಿ, ಜೀಪು, ಅಂಬಾಸಿಡರ್‌ಗಳ ವೈರಿಂಗೇ ನನ್ನ ಹೊಟ್ಟೆಪಾಡು. ಕಡಲ ಪಕ್ಕದಲ್ಲೇ ಇಷ್ಟು ವರ್ಷ ಕಳೆದರೂ ದೋಣಿಯ ಮೋಟಾರಿಗೆ ಕೈ ಹಾಕಿರಲಿಲ್ಲ. ಹಾಕಿದ ಮೊದಲ ದಿನವೇ ಅದನ್ನು ಕೆಡಿಸಿದೆ.

ಮಾಜಾಳಿಯ ಹುಡುಗನೊಬ್ಬ ಜುವಾರಿ ನದಿಯಲ್ಲಿ ಪ್ರವಾಸಿಗರ ದೋಣಿ ನಡೆಸುತ್ತಾನೆ. ಕುಂಭಾರಜುವೆ ಕಾಲುವೆಯೊಳಗೆ ಕರೆದೊಯ್ದು ಮೊಸಳೆ ತೋರಿಸುವುದು ಅವನ ಕಸುಬು. ದೋಣಿಯ ಹಿಂಬದಿಗೆ ನಲವತ್ತು ಅಶ್ವಶಕ್ತಿಯ ಎರಡು ಸ್ಟ್ರೋಕಿನ ಔಟ್‌ಬೋರ್ಡ್ ಮೋಟಾರು. ಒಂದು ಸಂಜೆ ಅಂಗಡಿಗೆ ಬಂದು, "ಅಣ್ಣ, ಸೆಲ್ಫ್ ಎಳೆಯುತ್ತಿಲ್ಲ. ನಾಲ್ಕು ದಿನದಿಂದ ಹಗ್ಗ ಎಳೆದೇ ಚಾಲೂ ಮಾಡುತ್ತಿದ್ದೇನೆ. ಬ್ಯಾಟರಿ ಚಾರ್ಜೇ ಆಗುವುದಿಲ್ಲ" ಎಂದ.

"ನಾಳೆ ಬಂದು ನೋಡುತ್ತೇನೆ ತಮ್ಮಾ, ಇದೇನು ದೊಡ್ಡ ಕೆಲಸ" ಎಂದೆ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ದೋಣಿಯನ್ನು ಕಟ್ಟೆಗೆ ಬಿಗಿದು ಮೀಟರು ಇಟ್ಟೆ. ಮೋಟಾರು ನಿಂತಿದ್ದಾಗ ಬ್ಯಾಟರಿ 12.1 ವೋಲ್ಟ್. ತುಂಬಿದ ಬ್ಯಾಟರಿ 12.6ರ ಆಸುಪಾಸು ಇರಬೇಕು, ಇದು ಅರ್ಧ ಖಾಲಿ. ಮೋಟಾರು ಚಾಲೂ ಮಾಡಿಸಿದೆ. ಒಂದು ಕ್ಷಣ 13.9 ಎಂದು ತೋರಿಸಿತು. ಅಷ್ಟರಲ್ಲಿ ಯಾವುದೋ ಬಾರ್ಜ್ ಎಬ್ಬಿಸಿದ ಅಲೆಗೆ ದೋಣಿ ಹೊಯ್ದಾಡಿತು, ಅಂಕಿ ಮತ್ತೆ 12.1ಕ್ಕೆ ಕುಸಿಯಿತು. ನನ್ನ ಕೈಯೇ ಅಲುಗಿರಬೇಕು ಎಂದುಕೊಂಡು ಆ 13.9ನ್ನು ಮರೆತುಬಿಟ್ಟೆ. ಇಡೀ ಕಾಯಿಲೆಯ ಗುಟ್ಟು ಅದರಲ್ಲೇ ಇತ್ತು.

ಮುಂದೆ ಮಾಡಿದ್ದು ನನ್ನ ಗುರು ಕಲಿಸಿದ್ದ ಹಳೆಯ ಪರೀಕ್ಷೆ. ಡೈನಮೋ ಇದ್ದ ಕಾಲದ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಎತ್ತಿಬಿಡುತ್ತಿದ್ದೆವು. ಪೆಟ್ರೋಲ್ ಎಂಜಿನ್ನಿನ ಕಿಡಿಗೂ ಕರೆಂಟು ಬೇಕಲ್ಲ? ಡೈನಮೋ ಸತ್ತಿದ್ದರೆ ಎಂಜಿನ್ ಆರುತ್ತದೆ, ಬದುಕಿದ್ದರೆ ಓಡುತ್ತಲೇ ಇರುತ್ತದೆ. ಮೀಟರೂ ಬೇಡ, ಏನೂ ಬೇಡ. ಇಲ್ಲಿಯೂ ಥ್ರಾಟಲ್ ಸ್ವಲ್ಪ ಏರಿಸಲು ಹೇಳಿ ತಂತಿ ಎತ್ತಿದೆ. ಮೋಟಾರು ಗುಡುಗುಡು ಎನ್ನುತ್ತಲೇ ಇತ್ತು. "ನೋಡು, ಚಾರ್ಜಿಂಗ್ ಸರಿಯಾಗಿಯೇ ಇದೆ. ಬ್ಯಾಟರಿ ಹೋಗಿದೆ" ಎಂದು ತೀರ್ಪು ಕೊಟ್ಟೆ. ಅವನು ಸಾಲ ಮಾಡಿ ಹೊಸ ಬ್ಯಾಟರಿ ತಂದ.

ಐದನೆಯ ದಿನ ಹೊಸ ಜುವಾರಿ ಸೇತುವೆಯ ಕೆಳಗಿನಿಂದ ಫೋನು ಮಾಡಿದ. ಹೊಸ ಬ್ಯಾಟರಿಯೂ 11.8ಕ್ಕೆ ಇಳಿದಿತ್ತು.

ಈ ಸಲ ಹೋಗುವ ಮೊದಲು ಮೋಟಾರಿನ ಕೈಪಿಡಿಯನ್ನು ತರಿಸಿಕೊಂಡು ಓದಿದೆ. ಫ್ಲೈವೀಲಿನ ಒಳಸುತ್ತಿನಲ್ಲಿ ಆಯಸ್ಕಾಂತಗಳು, ಅದರ ಕೆಳಗೆ ಕದಲದೆ ಕೂತ ಕಾಯಿಲ್‌ಗಳು. ಕಿಡಿಗೆ ಬೇಕಾದ ಕರೆಂಟು ಕೊಡುವ ಕಾಯಿಲೇ ಬೇರೆ, ಬ್ಯಾಟರಿಗೆ ಕೊಡುವುದೇ ಬೇರೆ. ಅಂದರೆ ಈ ಮೋಟಾರಿಗೆ ಓಡಲು ಬ್ಯಾಟರಿಯೇ ಬೇಡ. ನಾನು ತಂತಿ ಎತ್ತಿದಾಗ ಅದು ಆರದೆ ಇದ್ದದ್ದರಿಂದ ಚಾರ್ಜಿಂಗ್ ಬಗ್ಗೆ ಏನೂ ತಿಳಿಯುವಂತಿರಲಿಲ್ಲ. ಬ್ಯಾಟರಿ ಕಡೆಗೆ ಬರುವುದು ಹೆಚ್ಚೆಂದರೆ 80 ವಾಟ್, ಆರೇಳು ಆಂಪಿಯರ್. ಅದೂ ಪೂರ್ಣ ವೇಗದಲ್ಲಿ. ಮೊಸಳೆ ನೋಡುವಾಗ ಇರುವೆಯಂತೆ ಹರಿದಾಡುವ ದೋಣಿಯಲ್ಲಿ ಇನ್ನೂ ಕಡಿಮೆ. ಅಷ್ಟರಲ್ಲೇ ಹುಡುಗ ಹಾಡಿನ ಪೆಟ್ಟಿಗೆಯನ್ನೂ ಓಡಿಸುತ್ತಿದ್ದ.

ಮೊದಲು ಫ್ಯೂಸ್ ನೋಡಿದೆ. 20 ಆಂಪಿಯರಿನದು, ಸರಿಯಾಗಿಯೇ ಇತ್ತು. ಅದನ್ನು ಹಿಡಿದ ಗೂಡಿನ ತಂತಿಯನ್ನು ಬೆರಳಿನಿಂದ ಮುಟ್ಟಿದರೆ ಹಲ್ಲಿನಂತೆ ಅಲ್ಲಾಡಿತು. ರಬ್ಬರು ಸರಿಸಿದೆ. ಒಳಗೆ ಬರೀ ಕಿಲುಬು. ತಾಮ್ರದ ತಂಬಿಗೆಯ ಕಿಲುಬು ಹುಣಸೆಹಣ್ಣಿಗೆ ಬಿಡುತ್ತದೆ. ಉಪ್ಪುನೀರು ಹೊಕ್ಕ ತಂತಿಯ ಕಿಲುಬು ಹೊದಿಕೆಯೊಳಗೇ ಗೇಣುದ್ದ ನುಗ್ಗಿರುತ್ತದೆ, ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುವುದೇ ದಾರಿ. ಕತ್ತರಿಸಿ ಹೊಸ ಗೂಡು ಕೂರಿಸಿ, ಅಂಟು ಬಿಡುವ ಕೊಳವೆ ಹಾಕಿ ಬಿಸಿ ಮಾಡಿ ಮುಚ್ಚಿದೆ. ಈ ಕೊಂಡಿ ಅಲೆಗೆ ತಕ್ಕಂತೆ ಮುಟ್ಟುತ್ತಿತ್ತು, ಬಿಡುತ್ತಿತ್ತು. ಆ ದಿನದ 13.9 ಇದೇ ಎಂದು ಹೊಳೆದದ್ದು ಆಗ.

ಹೆಮ್ಮೆಯಿಂದ ಚಾಲೂ ಮಾಡಿಸಿದೆ. 11.9. ಥ್ರಾಟಲ್ ಏರಿಸಿದರೂ 11.9.

ಹಾಗಾದರೆ ಇನ್ನೊಂದೇನೋ ಕೆಟ್ಟಿದೆ. ಮೋಟಾರು ನಿಲ್ಲಿಸಿ, ಕಾಯಿಲಿನಿಂದ ಬರುವ ಎರಡು ಹಸಿರು ತಂತಿಗಳನ್ನು ರೆಕ್ಟಿಫೈಯರಿನಿಂದ ಬಿಡಿಸಿದೆ. ಎರಡರ ನಡುವೆ ಒಂದು ಓಮ್‌ಗಿಂತ ಕಡಿಮೆ, ಯಾವುದರಿಂದಲೂ ಎಂಜಿನ್ನಿನ ಮೈಗೆ ದಾರಿಯಿಲ್ಲ. ಮೀಟರನ್ನು ಎಸಿಗೆ ತಿರುಗಿಸಿ ಮತ್ತೆ ಚಾಲೂ ಮಾಡಿದಾಗ ವೇಗ ಏರಿದಂತೆ ವೋಲ್ಟೂ ಏರಿತು. ಕಾಯಿಲ್ ಗಟ್ಟಿ. ಉಳಿದದ್ದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದರೊಳಗಿನ ಪ್ರತಿ ಡಯೋಡು ಕರೆಂಟನ್ನು ಒಂದು ದಿಕ್ಕಿನಲ್ಲಿ ಬಿಡಬೇಕು, ಇನ್ನೊಂದರಲ್ಲಿ ತಡೆಯಬೇಕು. ಇಲ್ಲಿ ಒಂದು ಎರಡೂ ಕಡೆ ಬಿಟ್ಟಿತು, ಇನ್ನೊಂದು ಎರಡೂ ಕಡೆ ತಡೆಯಿತು.

ಬಿಡಿಭಾಗ ಮಾರುವ ಅಂಗಡಿಯವರಿಗೆ ಅದನ್ನು ತೋರಿಸಿದೆ. ಕಾರವಾರದ ಕಡೆಯ ಹಿರಿಯರು. ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಓಡುವಾಗ ಬ್ಯಾಟರಿ ಬಿಚ್ಚಿದಿರಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಬ್ಯಾಟರಿ ಕೊಂಡಿಯಲ್ಲಿದ್ದರೆ ಅದು ವೋಲ್ಟನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಕಿತ್ತರೆ ವೋಲ್ಟು ಸರ್ರನೆ ಮೇಲೇರಿ ಡಯೋಡನ್ನು ಸುಡುತ್ತದೆ. ಹಳೆಯ ಡೈನಮೋದಲ್ಲಿ ಸುಡಲು ಡಯೋಡೇ ಇರಲಿಲ್ಲ. ಗುರುಗಳ ತಪ್ಪಲ್ಲ ಅದು.

"ಫ್ಯೂಸಿನ ಕೊಂಡಿಯೂ ಪ್ರತಿ ಅಲೆಗೂ ಬಿಟ್ಟು ಹಿಡಿದು ಅದೇ ಕೆಲಸ ಮಾಡುತ್ತಿತ್ತಲ್ಲ ಅಣ್ಣ, ನೀವು ಮುಟ್ಟದಿದ್ದರೂ ಒಂದು ದಿನ ಹೋಗುತ್ತಿತ್ತು" ಎಂದು ಹುಡುಗ ಸಮಾಧಾನ ಹೇಳಿದ. ಇರಬಹುದು. ಆದರೆ ನಾನು ತಂತಿ ಎತ್ತುವ ಮುಂಚೆ ಅದು 13.9 ಕೊಟ್ಟದ್ದನ್ನು ಈ ಕಣ್ಣೇ ನೋಡಿದೆ. ಹೊಸ ರೆಕ್ಟಿಫೈಯರಿನ ದುಡ್ಡನ್ನು ನಾನೇ ಕೊಟ್ಟೆ. ಬ್ಯಾಟರಿಯ ಮೇಲಿದ್ದ ಎರಡು ಕಿವಿಯ ನಟ್ಟುಗಳನ್ನೂ ತೆಗೆದು ಎಸೆದೆ. ಕೈಯಿಂದ ಬಿಗಿದದ್ದು ಅಲೆಗೆ ಸಡಿಲವಾಗುತ್ತದೆ, ಮತ್ತೆ ಅದೇ ಅನಾಹುತ. ಪಾನಾದಿಂದ ಬಿಗಿಯುವ ಆರುಮೂಲೆಯ ನಟ್ಟು ಹಾಕಿದ ಮೇಲೆ ಚಾಲೂ ಮಾಡಿದರೆ 14.1. ದೋಣಿಯನ್ನು ನಾನೇ ಕುಣಿದು ಅಲ್ಲಾಡಿಸಿದೆ, ಅಂಕಿ ಕದಲಲಿಲ್ಲ.

ಹೋಗಿದೆ ಎಂದು ನಾನು ತೀರ್ಪು ಕೊಟ್ಟಿದ್ದ ಹಳೆಯ ಬ್ಯಾಟರಿಯನ್ನು ಅಂಗಡಿಯ ಚಾರ್ಜರಿಗೆ ಒಂದು ರಾತ್ರಿ ಹಾಕಿ, ಮರುದಿನವೆಲ್ಲ ಸುಮ್ಮನೆ ಬಿಟ್ಟು ಸಂಜೆ ನೋಡಿದೆ. 12.6. ಹುಡುಗನಿಗೆ ಅದರ ಬೆಲೆ ತೀರಿಸಿ ನಾನೇ ಇಟ್ಟುಕೊಂಡೆ. ಕರೆಂಟು ಹೋದಾಗ ನನ್ನ ಅಂಗಡಿಯ ದೀಪ ಉರಿಯುವುದು ಈಗ ಅದರಿಂದಲೇ.