ನಡು ಬೋಳು, ಅಂಚು ಹೊಸದು

2022ರ ಚೌತಿ ಮುಗಿಸಿ ಮುಂಡಾಜೆಯಿಂದ ಬೆಂಗಳೂರಿಗೆ ಹೊರಟಿದ್ದೆ. ಚಾರ್ಮಾಡಿ ಘಾಟಿ ಹತ್ತುವಾಗ ಜೋರು ಮಳೆಯೇನೂ ಇರಲಿಲ್ಲ, ಸುಮ್ನೆ ಹನಿಯುತ್ತಿತ್ತು. ಗುಡ್ಡದಿಂದ ಇಳಿದ ನೀರು ರಸ್ತೆಗೆ ಅಡ್ಡ ಹರಿಯುತ್ತಿತ್ತು. ಒಂದು ಹೇರ್‌ಪಿನ್ ತಿರುವು ಇನ್ನೇನು ಮುಗೀತು ಅನ್ನುವಾಗ, ಬೈಕ್ ಇನ್ನೂ ವಾಲಿರುವಾಗಲೇ, ಆಕ್ಸಿಲರೇಟರ್ ತಿರುವಿದೆ. ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಚಕ್ರ ಜಾರಿದರೆ ಎಂಜಿನ್ನಿನ ಎಳೆತ ತಾನೇ ತಗ್ಗಿಸುವ ಟ್ರಾಕ್ಷನ್ ಕಂಟ್ರೋಲಿನ ಹಳದಿ ದೀಪ ಮೀಟರಿನಲ್ಲಿ ಪಟಪಟ ಮಿಟುಕಿತು, ಬೈಕ್ ತಾನಾಗಿ ನೆಟ್ಟಗಾಯಿತು. ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಕಾಲು ನಡುಗಲು ಶುರುವಾದದ್ದು ಎಲ್ಲ ಮುಗಿದು ಎರಡು ತಿರುವು ದಾಟಿದ ಮೇಲೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ಹೇಳಿ, ಅದು ಬರುವಷ್ಟರಲ್ಲಿ ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಟಯರ್ ನೋಡಿದೆ. ನನ್ನದು 2019ರ ಕವಾಸಕಿ ಝಡ್‌ಎಕ್ಸ್-6ಆರ್, 636 ಸಿಸಿ ಸ್ಪೋರ್ಟ್ಸ್ ಬೈಕ್, ಸೆಕೆಂಡ್ ಹ್ಯಾಂಡ್. ಬ್ರಿಜ್‌ಸ್ಟೋನ್ ಎಸ್22 ಟಯರ್ ಹಾಕಿ ಆಗ 6,800 ಕಿ.ಮೀ. ಆಗಿತ್ತು. ನಡುವಿನಲ್ಲಿ ಬೋಳು. ಗೆರೆಯೊಳಗೆ ಸವೆತ ತೋರಿಸಲು ಒಂದು ಸಣ್ಣ ಉಬ್ಬು ಇರುತ್ತದಲ್ಲ, ಅದು ರಬ್ಬರಿನ ಮಟ್ಟಕ್ಕೇ ಬಂದುಬಿಟ್ಟಿತ್ತು. ಆದರೆ ಎರಡೂ ಅಂಚಿನಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗ ಹೊಸದು ಅಂದ್ರೆ ಹೊಸದು. ಫ್ಯಾಕ್ಟರಿಯಿಂದ ಬಂದ ರಬ್ಬರ್ ಕೂದಲು ಕೂಡ ಅಲ್ಲೊಂದು ಇಲ್ಲೊಂದು ಹಾಗೇ ಇತ್ತು.

ನಾನು ಹೇಗೆ ಓಡಿಸುತ್ತೇನೆ ಅನ್ನುವುದು ಅಲ್ಲಿ ಬರೆದಿಟ್ಟ ಹಾಗಿತ್ತು. ನೆಲಮಂಗಲದಿಂದ ಹಾಸನದವರೆಗೆ ನೇರ ರಸ್ತೆ. ಉಳಿದ ದಿನ ಔಟರ್ ರಿಂಗ್ ರೋಡಿನ ಟ್ರಾಫಿಕ್ಕು. ವಾಲಿಸುವುದು ವರ್ಷಕ್ಕೆ ನಾಲ್ಕು ಸಲ ಈ ಘಾಟಿಯಲ್ಲಿ, ಅದೂ ಹೆದರಿಕೊಂಡು. ಹೀಗೆ ನಡು ಮಾತ್ರ ಸವೆದರೆ ಮಡಕೆಯ ಬೆನ್ನಿನಂತೆ ದುಂಡಗಿರಬೇಕಾದ ಟಯರ್ ಮಣೆಯಂತೆ ಚಪ್ಪಟೆಯಾಗುತ್ತದೆ. ಮಣೆಗೆ ಒಂದು ಮೂಲೆ ಇರುತ್ತದೆ. ವಾಲಿಸಿದಾಗ ಬೈಕ್ ಮೊದಲು ಆ ಮೂಲೆ ಹತ್ತಲು ಒಲ್ಲೆ ಅನ್ನುತ್ತದೆ, ಹತ್ತಿದ ಮೇಲೆ ದಡಕ್ಕನೆ ಆಚೆ ಬೀಳುತ್ತದೆ. ತಿಂಗಳಿಂದ ಬೈಕ್ ತಿರುವಿನಲ್ಲಿ ಒಂಥರಾ ಆಡ್ತಿದೆ ಅಂದುಕೊಂಡು ನಾನು ಸಸ್ಪೆನ್ಷನ್ನಿನ ಸ್ಕ್ರೂ ತಿರುವುತ್ತಾ ಕೂತಿದ್ದೆ!

ಬೆಂಗಳೂರಿಗೆ ಬಂದ ರಾತ್ರಿಯೇ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಆಗಾಗ ಹೋಗುವವನು. "ಮಗಾ, ಯೋಚನೆ ಏನಿದೆ, ಸೂಪರ್‌ಕೋರ್ಸಾ ಹಾಕು" ಅಂದ. ಪಿರೆಲ್ಲಿಯ ಡಯಾಬ್ಲೊ ಸೂಪರ್‌ಕೋರ್ಸಾ ನೋಡಲು ನಿಜಕ್ಕೂ ಚಂದ. ಅಂಚಿನಲ್ಲಿ ಗೆರೆಯೇ ಇಲ್ಲ, ಬರೀ ನುಣ್ಣನೆ ರಬ್ಬರ್. ಆದರೆ ಅದು ಬಿಸಿಯಾದರೆ ಮಾತ್ರ ಹಿಡಿಯುವ ಜಾತಿ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವವನ ಕೈಯಲ್ಲಿ ಎಲ್ಲಿ ಬಿಸಿಯಾಗಬೇಕು? ಮಳೆಯಲ್ಲಿ ನೀರು ಹೊರಗೆ ಹೋಗಲು ದಾರಿಯೂ ಕಡಿಮೆ. ಮಿಶೆಲಿನ್ ರೋಡ್ 5 ಹಾಕಿದ್ರೆ ಹೇಗೆ ಅಂತ ಮೆಲ್ಲಗೆ ಕೇಳಿದೆ. "ಅದು ಟೂರಿಂಗ್ ಟಯರ್ ಕಣೋ. ಪೈಲ್ವಾನನಿಗೆ ಹವಾಯಿ ಚಪ್ಪಲಿ ಹಾಕಿಸಿದ ಹಾಗಾಗುತ್ತೆ."

ಆ ಮಾತು ಸ್ವಲ್ಪ ಚುಚ್ಚಿತು. ಸುಳ್ಳು ಯಾಕೆ, ಪಾರ್ಕಿಂಗಿನಲ್ಲಿ ನಾಲ್ಕು ಜನ ಟಯರ್ ಬಗ್ಗಿ ನೋಡಲಿ ಅನ್ನುವ ಆಸೆ ನನಗೂ ಇತ್ತು.

ಟಯರ್ ಸಿಗುವುದೇ ಇನ್ನೊಂದು ಕಥೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಗಿನ ಟಯರ್ ತರಿಸಲು ಲೈಸೆನ್ಸ್ ಬೇಕು ಅಂತ ಮಾಡಿತು. ನಮ್ಮ ಅಳತೆಯ ಟಯರ್‌ಗಳು ಆಗ ಹೆಚ್ಚಾಗಿ ಹೊರಗಿನಿಂದಲೇ ಬರಬೇಕಿತ್ತು. ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಶನಿವಾರ ನಾಲ್ಕು ಅಂಗಡಿ ಸುತ್ತಿದೆ. ಒಂದರಲ್ಲಿ ಮುಂದಿನದು ಇತ್ತು, ಹಿಂದಿನದು ಇಲ್ಲ. ಇನ್ನೊಂದರಲ್ಲಿ "180 ಇಲ್ಲ ಸಾರ್, 190/50 ಹಾಕಿಸಿ, ಹಿಂದಿನಿಂದ ನೋಡೋಕೆ ಸಕತ್ತಾಗಿರುತ್ತೆ" ಅಂದರು. ನನ್ನ ಹಿಂದಿನ ಟಯರ್ 180/55. ಅಂದರೆ ಅಗಲ 180 ಮಿ.ಮೀ., ಎತ್ತರ ಅದರ ಶೇಕಡ 55, ಅಂದರೆ 99 ಮಿ.ಮೀ. ಅದೇ 190/50 ಆದರೆ ಎತ್ತರ 95. ಅಗಲ ಜಾಸ್ತಿ, ಎತ್ತರ ಕಡಿಮೆ, ಅಂದರೆ ಹೊಸದರಲ್ಲೇ ಇನ್ನೊಂದು ಮಣೆ. ಅದಕ್ಕೆ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಮೂರನೆಯ ಅಂಗಡಿಯಲ್ಲಿ ಸೂಪರ್‌ಕೋರ್ಸಾ ಜೋಡಿಯೇ ಸಿಕ್ಕಿತು, ಅದೂ ಕಾಲುಭಾಗ ಕಡಿಮೆ ರೇಟಿಗೆ. ಕೈ ಆಗಲೇ ಜೇಬಿಗೆ ಹೋಗಿತ್ತು. ಯಾತಕ್ಕೂ ಇರಲಿ ಅಂತ ಟಯರ್ ಉರುಳಿಸಿ ಡಾಟ್ ನಂಬರ್ ಹುಡುಕಿದೆ. ಧೂಳು ಒರೆಸಿದರೆ ಕೊನೆಯ ನಾಲ್ಕು ಅಂಕಿ 2317. 2017ನೇ ಇಸವಿಯ 23ನೇ ವಾರದ ಮಾಲು. ಐದು ವರ್ಷ ಅಂಗಡಿಯ ಅಟ್ಟದ ಮೇಲೆ ಒಣಗಿದ ರಬ್ಬರ್. ಉಗುರಿನಲ್ಲಿ ಒತ್ತಿದೆ, ಗುರುತೇ ಬೀಳಲಿಲ್ಲ. "ಓಡಿಸಿಲ್ಲ ಅಂದ್ಮೇಲೆ ಹೊಸದೇ ತಾನೆ ಸಾರ್" ಅಂದ ಅಂಗಡಿಯ ಹುಡುಗ. ಅಲ್ಲಿಂದ ಎದ್ದೆ.

ನಾಲ್ಕನೆಯವರು ವಯಸ್ಸಾದ ಭಾಯ್. ಯಾವ ಟಯರ್ ಬೇಕು ಅಂತ ಕೇಳಲೇ ಇಲ್ಲ. ಬೈಕಿನ ಹಿಂದೆ ಹೋಗಿ ಅಂಚಿನ ಮೇಲೆ ಬೆರಳಾಡಿಸಿ, "ಟ್ರ್ಯಾಕಿಗೆ ಹೋಗ್ತೀರಾ?" ಅಂದರು.

"ಇಲ್ಲ ಭಾಯ್, ಊರಿಗೆ ಹೋಗ್ತೀನಿ."

"ಊರು ಯಾವುದು?"

"ಚಾರ್ಮಾಡಿ ಇಳಿದ ಮೇಲೆ."

ಅವರು ಒಳಗೆ ಹೋಗಿ ರೋಡ್ 5 ಜೋಡಿ ಉರುಳಿಸಿಕೊಂಡು ಬಂದರು. 2022ರದೇ ಮಾಲು. ನಡುವೆ ಗಟ್ಟಿ ರಬ್ಬರ್, ಅಂಚಿಗೆ ಮೆತ್ತಗಿನದು. ಗೆರೆಗಳೂ ಇವೆ. ಸವೆದಂತೆ ಒಳಗಿನ ಸಣ್ಣ ಸೀಳು ಅಗಲವಾಗಿ ನೀರಿಗೆ ದಾರಿ ಬಿಡುವ ಹಾಗೆ ಮಾಡಿದ್ದಾರೆ. ಪಕ್ಕದಲ್ಲಿ 73ಡಬ್ಲ್ಯು ಅಂತ ಆವರಣದೊಳಗೆ ಬರೆದಿತ್ತು. 365 ಕೆ.ಜಿ. ಹೊರುತ್ತದೆ, 270ಕ್ಕಿಂತ ಜಾಸ್ತಿ ವೇಗ ತಡೆಯುತ್ತದೆ ಅಂತ ಅರ್ಥ. ಹವಾಯಿ ಚಪ್ಪಲಿಗೆ ಇಷ್ಟು ಸಾಕಲ್ಲವಾ? ಎರಡಕ್ಕೂ ಸೇರಿ 34 ಸಾವಿರ ಕೊಟ್ಟೆ.

ಹಾಕುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ರಿಮ್ಮಿಗೆ ಗೀರು ಬೀಳದಂತೆ ಪ್ಲಾಸ್ಟಿಕ್ ಇಟ್ಟರು, ಅಂಚಿಗೆ ಸೋಪು ನೀರು ಬಳಿದರು. ಬಾಣದ ಗುರುತು ತಿರುಗುವ ದಿಕ್ಕಿಗೇ ಇದೆಯಾ ಅಂತ ಎರಡೆರಡು ಸಲ ನೋಡಿದರು. ಗಾಳಿ ಏರಿ ಟಯರ್ ರಿಮ್ಮಿಗೆ ಕೂತಾಗ ಢಬ್ ಅಂತ ಸದ್ದು. ಗೊತ್ತಿದ್ದರೂ ಬೆಚ್ಚಿಬಿದ್ದೆ. ಆಮೇಲೆ ಬ್ಯಾಲೆನ್ಸಿಂಗ್, ಸಣ್ಣ ಸಣ್ಣ ತೂಕದ ಪಟ್ಟಿ ಅಂಟಿಸಿದರು. ಗಾಳಿ ಸ್ಟಿಕ್ಕರಿನಲ್ಲಿ ಇದ್ದಂತೆ ಮುಂದೆ 36, ಹಿಂದೆ 42. "150 ಕಿಲೋಮೀಟರ್ ಮೆಲ್ಲಗೆ ಓಡ್ಸಿ. ಹೊಸದು ಜಾರುತ್ತೆ" ಅಂದರು ಭಾಯ್. ಮೊದಲ ತಿರುವಿನಲ್ಲೇ ಬೈಕ್ ಎಷ್ಟು ಹಗುರಾಗಿ ವಾಲಿತೆಂದರೆ ನಾನೇ ಫುಟ್‌ಪಾತಿನ ಹತ್ತಿರ ಹೋಗಿಬಿಟ್ಟೆ. ಮಣೆಗೆ ಅಭ್ಯಾಸವಾಗಿದ್ದ ಕೈ.

ನವರಾತ್ರಿಗೆ ಊರಿಗೆ ಹೋದೆ. ಘಾಟಿಯಲ್ಲಿ ಮತ್ತೆ ಮಳೆ. ಅದೇ ತಿರುವಿಗೆ ಬಂದಾಗ ಹಲ್ಲು ಕಚ್ಚಿ ಹಿಡಿದಿದ್ದೆ. ಏನೂ ಆಗಲಿಲ್ಲ. ಹಿಂದಿನಿಂದ ಕೆಂಪು ಬಸ್ಸೊಂದು ಹಾರ್ನ್ ಹೊಡೆಯಿತು, ದಾರಿ ಬಿಟ್ಟೆ.

ಮನೆಯ ಅಂಗಳದಲ್ಲಿ ಅಪ್ಪ ಛತ್ರಿ ಹಿಡಿದುಕೊಂಡೇ ಬೈಕಿನ ಸುತ್ತ ಒಂದು ಸುತ್ತು ಬಂದರು. ರಬ್ಬರ್ ಕೂದಲು ಒಂದನ್ನು ಚಿವುಟಿ ನೋಡಿದರು.

"ಎಷ್ಟು ಕೊಟ್ಟೆ ಮಾರಾಯಾ?"

"ಹದಿನಾಲ್ಕು ಸಾವಿರ."

"ಒಂದಕ್ಕಾ, ಎರಡಕ್ಕಾ?"

ಎರಡಕ್ಕೂ ಸೇರಿ ಅಂದೆ. ಅದು ಮುಂದಿನದರ ರೇಟು.